ಕೂದಲೆಳೆಯ ಲೆಕ್ಕಾಚಾರ

ಅಲ್ಪಾಕ ಎಂಬ ಒಂಟೆ ಕುಲದ ಪ್ರಾಣಿಯ ಉಣ್ಣೆ ಎಷ್ಟು ನಯ ಎಂದು ಬೆರಳು ಹೇಳಬಲ್ಲದು. ಅದಕ್ಕೆ ಹುಟ್ಟುವ ಮರಿಯ ಉಣ್ಣೆ ಹೇಗಿದ್ದೀತು ಎಂದು ಹೇಳಲು ಇಡೀ ವಂಶದ ದಾಖಲೆ ಬೇಕು, ಬಂಧು–ಬಳಗದ ಅಳತೆ ಬೇಕು, ಕಂಪ್ಯೂಟರೂ ಬೇಕು. ಐದು ಶತಮಾನಗಳ ಹಿಂದೆ ಕಳೆದುಹೋದ ನಯವನ್ನು ಆಂಡೀಸ್ ಬೆಟ್ಟಗಳ ಹಿಂಡುಗಳು ಲೆಕ್ಕದ ಬಲದಿಂದ ಮರಳಿ ಪಡೆಯುತ್ತಿವೆ. ಆ ನಯಕ್ಕೆ ತಕ್ಕ ಬೆಲೆ ಮಾತ್ರ ಬೆಟ್ಟ ಹತ್ತಲು ಹಿಂದೇಟು ಹಾಕುತ್ತಿದೆ.

ದಕ್ಷಿಣ ಪೆರುವಿನ ಅರೆಕೀಪಾ. ಜ್ವಾಲಾಮುಖಿಯ ಬಿಳಿ ಕಲ್ಲಿನಲ್ಲಿ ಕಟ್ಟಿದ ಊರು. ಇಲ್ಲಿನ ಉಣ್ಣೆ ಗೋದಾಮಿನಲ್ಲಿ ಮೂಗು–ಬಾಯಿ ಮುಚ್ಚಿಕೊಂಡ ಹೆಂಗಸರು ಸಾಲಾಗಿ ಕೆಲಸಕ್ಕೆ ಕೂತಿದ್ದಾರೆ. ಪ್ರತಿಯೊಬ್ಬರ ಮುಂದೆಯೂ ಒಂದು ಪ್ರಾಣಿಯ ಮೈಯಿಂದ ಕತ್ತರಿಸಿ ತಂದ ಇಡೀ ಉಣ್ಣೆ. ಕೈ ಅದರೊಳಗೆ ಇಳಿಯುತ್ತದೆ, ಒಂದು ಹಿಡಿ ಕಿತ್ತು ತೆಗೆಯುತ್ತದೆ, ಹೆಬ್ಬೆರಳು ಒಮ್ಮೆ ಉಜ್ಜಿ ನೋಡುತ್ತದೆ. ಮರುಕ್ಷಣ ಅದು ಒಂದು ಗುಡ್ಡೆಗೆ ಬಿದ್ದಾಯಿತು. ಬೆನ್ನು–ಪಕ್ಕೆಯ ನಯ ಒಂದು ಕಡೆ, ಕಾಲು–ಎದೆಯ ಒರಟು ಇನ್ನೊಂದು ಕಡೆ. ನಡುವೆ ಇನ್ನೆರಡು ಮೂರು ಗುಡ್ಡೆಗಳು.

ಆ ಗುಡ್ಡೆಗಳ ನಡುವಿನ ಅಂತರ ಅಕ್ಷರಶಃ ಕೂದಲೆಳೆಗಿಂತ ಕಡಿಮೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಲ್ಪಾಕದ ಎಳೆ 23 ಮೈಕ್ರಾನ್ ಒಳಗಿದ್ದರೆ ಅದು ‘ಬೇಬಿ’ ದರ್ಜೆ. ದುಬಾರಿ ಸ್ವೆಟರು, ಶಾಲುಗಳಿಗೆ ಹೋಗುತ್ತದೆ. 31.5 ದಾಟಿದರೆ ಒರಟು ದರ್ಜೆ. ಕಂಬಳಿ, ಜಮಖಾನೆಗಳ ಪಾಲು. 30 ಮೈಕ್ರಾನಿಗಿಂತ ದಪ್ಪದ ಎಳೆಗಳು ಹೆಚ್ಚಿದ್ದ ಬಟ್ಟೆ ಮೈಗೆ ಚುಚ್ಚುತ್ತದೆ. ಈ ಕೆಲವೇ ಮೈಕ್ರಾನುಗಳ ಏರಿಳಿತದಲ್ಲಿ ಬೆಟ್ಟದ ಮೇಲಿನ ಸಾವಿರಾರು ಸಂಸಾರಗಳ ಆದಾಯ ನಿಂತಿದೆ.

ವಿಶ್ವಸಂಸ್ಥೆ 2024ನೇ ಇಸವಿಯನ್ನು ಒಂಟೆ ಕುಲದ ಪ್ರಾಣಿಗಳ ಅಂತರರಾಷ್ಟ್ರೀಯ ವರ್ಷವಾಗಿ ಆಚರಿಸಿತು. ಪೆರುವಿನಲ್ಲಂತೂ ಪ್ರತಿ ಆಗಸ್ಟ್ 1 ರಾಷ್ಟ್ರೀಯ ಅಲ್ಪಾಕ ದಿನ. ಮೆರವಣಿಗೆ, ಬಣ್ಣದ ಕುಚ್ಚು, ಸ್ಪರ್ಧೆ ಎಲ್ಲ ಇರುತ್ತದೆ. ಸಂಭ್ರಮದ ಹಿಂದೆ ಸದ್ದಿಲ್ಲದೆ ನಡೆದಿರುವ ಒಂದು ಕೆಲಸವಿದೆ: ಯಾವ ಗಂಡಿಗೆ ಯಾವ ಹೆಣ್ಣನ್ನು ಕೂಡಿಸಿದರೆ ಮುಂದಿನ ತಲೆಮಾರಿನ ಎಳೆ ತೆಳ್ಳಗಾದೀತು ಎಂದು ಅಂಕಿಗಳಲ್ಲಿ ಹೇಳುವ ಆನುವಂಶಿಕ ಮೌಲ್ಯಮಾಪನ.

ನೆಲದಡಿಯ ಸಾಕ್ಷಿ

ಕಥೆ ಶುರುವಾಗುವುದು ಒಂದು ಮರಳುಗಾಡಿನಲ್ಲಿ. ಪೆರುವಿನ ದಕ್ಷಿಣ ತುದಿಯ ಮೊಕೆಗುವಾ ಪ್ರಾಂತ್ಯದಲ್ಲಿ ಎಲ್ ಯರಾಲ್ ಎಂಬ ಹಳೆಯ ನೆಲೆಯಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಅಲ್ಲಿದ್ದವರು ಅಲ್ಪಾಕಗಳನ್ನೂ ಅವುಗಳ ಬಂಧು ಲಾಮಾಗಳನ್ನೂ ಬಲಿಕೊಟ್ಟು ಮನೆಯ ನೆಲದಡಿ ಹೂಳುತ್ತಿದ್ದರು. ಒಣ ಹವೆಯಲ್ಲಿ ಆ ದೇಹಗಳು ಕೊಳೆಯದೆ, ಚರ್ಮ–ಉಣ್ಣೆ ಸಮೇತ ಉಳಿದುಬಂದವು.

ಪ್ರಾಣಿ ಪುರಾತತ್ವಜ್ಞೆ ಜೇನ್ ವೀಲರ್ ಮತ್ತು ಸಂಗಡಿಗರು ಆ ಉಣ್ಣೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಅತಿ ನಯವಾದ ಅಲ್ಪಾಕಗಳ ಎಳೆ ಸುಮಾರು 18 ಮೈಕ್ರಾನ್. ಅದಕ್ಕಿಂತ ಬೆರಗಿನ ಸಂಗತಿ, ಮೈತುಂಬ ಎಳೆಗಳು ಹೆಚ್ಚುಕಡಿಮೆ ಒಂದೇ ದಪ್ಪ. ಇಂಥ ಏಕರೂಪತೆ ತಾನಾಗಿ ಬರುವಂಥದ್ದಲ್ಲ. ಯಾರೋ ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿದ ತಳಿ ಅದು.

ಇಂಕಾ ಸಾಮ್ರಾಜ್ಯ ಈ ವಿದ್ಯೆಯನ್ನು ರಾಜ್ಯದ ಕಾರುಬಾರಾಗಿಸಿತು. ಹಿಂಡುಗಳನ್ನು ಬಣ್ಣವಾರು ಬೇರ್ಪಡಿಸಿ ಸಾಕುತ್ತಿದ್ದರು. ಎಣಿಕೆಯನ್ನು ಕೀಪು ಎಂಬ ಗಂಟುಹಾಕಿದ ದಾರಗಳಲ್ಲಿ ದಾಖಲಿಸುತ್ತಿದ್ದರು. ಬರವಣಿಗೆಯಿಲ್ಲದ ನಾಡಿನಲ್ಲೂ ಹಿಂಡಿನ ಲೆಕ್ಕ ಪಕ್ಕಾ ಇತ್ತು.

1532ರಲ್ಲಿ ಸ್ಪೇನಿನವರು ಬಂದಿಳಿದರು. ಯುದ್ಧ, ರೋಗ, ಕುರಿ–ದನಗಳಿಗಾಗಿ ಹುಲ್ಲುಗಾವಲಿನ ಒತ್ತುವರಿ ಎಲ್ಲ ಸೇರಿ, ಒಂದು ಶತಮಾನ ಕಳೆಯುವಷ್ಟರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅಲ್ಪಾಕ–ಲಾಮಾಗಳು ಅಳಿದವು ಎಂಬುದು ವೀಲರ್ ಅವರ ಅಂದಾಜು. ತಳಿಯನ್ನು ಬಲ್ಲವರೂ ಅವುಗಳ ಜೊತೆಗೇ ಹೋದರು. ಉಳಿದ ಪ್ರಾಣಿಗಳು ತಣ್ಣನೆಯ ಎತ್ತರಕ್ಕೆ ಸರಿದವು. ಅಲ್ಲಿ ಅಲ್ಪಾಕ, ಲಾಮಾ ಬೆರೆತುಹೋದವು.

ಎಷ್ಟು ಬೆರೆತವು? 2020ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನದ ಪ್ರಕಾರ ಇಂದಿನ ಅಲ್ಪಾಕದ ವಂಶವಾಹಿಯಲ್ಲಿ ಶೇ 36ರಷ್ಟು ಲಾಮಾದಿಂದ ಬಂದದ್ದು. ಲಾಮಾ ಹೊರೆ ಹೊರುವ ಪ್ರಾಣಿ, ಅದರ ಉಣ್ಣೆ ಒರಟು. ಇಂದಿನ ತಳಿ ತಜ್ಞರು ಹೊಸದೇನನ್ನೋ ಸೃಷ್ಟಿಸಲು ಹೊರಟಿಲ್ಲ. ಚದುರಿಹೋದ ಹಳೆಯ ಗುಣಗಳನ್ನು ಮತ್ತೆ ಒಂದೆಡೆ ಕೂಡಿಸುವುದು ಅವರ ಕೆಲಸ.

ಬಾಕ್ಸ್ | ಅಲ್ಪಾಕ: ಚುಟುಕು ಪರಿಚಯ

* ಮೂಲ: ಕಾಡುಪ್ರಾಣಿ ವಿಕುನ್ಯಾ. ಪಳಗಿಸಿದ್ದು ಸುಮಾರು 6,000 ವರ್ಷಗಳ ಹಿಂದೆ. ಈ ನಂಟನ್ನು ಡಿಎನ್‌ಎ ಖಚಿತಪಡಿಸಿದ್ದು 2001ರಲ್ಲಿ.
* ಎರಡು ಬಗೆ: ಉಬ್ಬಿದ, ಸುಕ್ಕುಸುಕ್ಕಾದ ಉಣ್ಣೆಯ ವಕಾಯ, ನೀಳ ಸುರುಳಿಗಳಾಗಿ ಜೋತುಬೀಳುವ ಉಣ್ಣೆಯ ಸೂರಿ. ಬಹುಪಾಲು ವಕಾಯ.
* ಪೆರುವಿನಲ್ಲಿ: 2012ರ ಕೃಷಿ ಗಣತಿಯಲ್ಲಿ ಸುಮಾರು 37 ಲಕ್ಷ. ಜಗತ್ತಿನ ಅಲ್ಪಾಕಗಳಲ್ಲಿ ಬಹುಪಾಲು ಅಲ್ಲೇ.
* ಗರ್ಭ: ಸುಮಾರು ಹನ್ನೊಂದೂವರೆ ತಿಂಗಳು. ಒಂದು ಸಲಕ್ಕೆ ಒಂದೇ ಮರಿ. ಅವಳಿ ತೀರ ಅಪರೂಪ.

ಹಸಿದರೂ ನಯ!

ನಮ್ಮ ದನದ ಜಾತ್ರೆಗಳಲ್ಲಿ ಸುಳಿ, ಕೊಂಬು, ನಡಿಗೆ ನೋಡಿ ಹೋರಿಗೆ ಬೆಲೆ ಕಟ್ಟುವ ಹಿರಿಯರಿದ್ದಾರಲ್ಲ, ಅಂಥವರು ಅಲ್ಪಾಕ ಲೋಕದಲ್ಲೂ ಇದ್ದಾರೆ. ಉಣ್ಣೆ ಬಿಡಿಸಿ, ಹೊಳಪು ನೋಡಿ, ಹಲ್ಲು ಎಣಿಸಿ ತೀರ್ಪು ಕೊಡುತ್ತಾರೆ. ಅವರ ಕಣ್ಣು ಸುಳ್ಳು ಹೇಳುವುದಿಲ್ಲ. ಪ್ರಾಣಿಯ ಮೈಯೇ ಸುಳ್ಳು ಹೇಳುತ್ತದೆ.

ಹೇಗೆಂದರೆ, ಮೇವು ಸಾಲದ ಅಲ್ಪಾಕದ ಎಳೆ ತೆಳ್ಳಗಾಗುತ್ತದೆ. ಬರದ ವರ್ಷದಲ್ಲಿ ಹಸಿದ ಪ್ರಾಣಿ ಸ್ಪರ್ಧೆಯಲ್ಲಿ ಗೆದ್ದೀತು! ಹೊಟ್ಟೆ ತುಂಬ ತಿಂದು ಬೆಳೆದ ಉತ್ತಮ ತಳಿಯದು ಸೋತೀತು. ವಯಸ್ಸಾದಂತೆ ಎಳೆ ದಪ್ಪಗಾಗುವುದರಿಂದ ಎಳೆಯ ಪ್ರಾಣಿಗೂ ಹಾಗೇ ಪುಕ್ಕಟೆ ಅಂಕ. ಮೈಮೇಲೆ ಕಾಣುವುದರಲ್ಲಿ ವಂಶದ ಪಾಲೆಷ್ಟು, ಮೇವಿನ ಪಾಲೆಷ್ಟು, ವಯಸ್ಸಿನ ಪಾಲೆಷ್ಟು? ಮರಿಗೆ ದಾಟುವುದು ವಂಶದ ಪಾಲು ಮಾತ್ರ.

ಈ ಗಂಟನ್ನು ಬಿಡಿಸುವ ಗಣಿತ ಹುಟ್ಟಿದ್ದು ಅಲ್ಪಾಕಕ್ಕಾಗಿ ಅಲ್ಲ, ಹಸುಗಳಿಗಾಗಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೆಂಡರ್ಸನ್ 1950ರ ಸುಮಾರಿಗೆ ಡೈರಿ ರಾಸುಗಳಿಗಾಗಿ ‘ಬ್ಲಪ್’ ಎಂಬ ಲೆಕ್ಕದ ವಿಧಾನವನ್ನು ರೂಪಿಸಿದರು. ಅದರ ಸಾರ ಸರಳ. ಒಂದೇ ಊರಿನಲ್ಲಿ, ಒಂದೇ ಋತುವಿನಲ್ಲಿ, ಒಂದೇ ಮೇವು ತಿಂದು ಬೆಳೆದ ಒಂದೇ ವಯಸ್ಸಿನ ಪ್ರಾಣಿಗಳನ್ನು ಮಾತ್ರ ಒಂದಕ್ಕೊಂದು ಹೋಲಿಸು. ಅಪ್ಪ, ಅಮ್ಮ, ಮಲತಂಗಿ, ಮೊಮ್ಮಗ ಹೀಗೆ ಬಂಧುಗಳ ಅಳತೆಯನ್ನೆಲ್ಲ ನಂಟಿನ ಹತ್ತಿರಕ್ಕೆ ತಕ್ಕಂತೆ ಸೇರಿಸು. ಒಂದೇ ಗಂಡಿನ ಮರಿಗಳು ಎರಡು ಹಿಂಡುಗಳಲ್ಲಿದ್ದರೆ, ಆ ನಂಟೇ ಸೇತುವೆಯಾಗಿ ಎರಡೂ ಹಿಂಡುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಹುದು.

ಕೊನೆಗೆ ಪ್ರತಿ ಪ್ರಾಣಿಯ ಹೆಸರಿನ ಮುಂದೆ ಬಂದು ಕೂರುವ ಅಂಕಿಯೇ ತಳಿಮೌಲ್ಯ.

ಯಾರ ಮರಿ ಇದು?

ಬಂಧುಗಳ ಅಳತೆ ಸೇರಿಸಲು ಬಂಧುಗಳು ಯಾರೆಂದು ಗೊತ್ತಿರಬೇಕು. ಆಂಡೀಸ್‌ನಲ್ಲಿ ಎದುರಾದ ಮೊದಲ ತೊಡಕೇ ಅದು. ರೂಢಿಯಂತೆ ಹಿಂಡಿಗೆ ಹಲವು ಗಂಡುಗಳನ್ನು ಒಟ್ಟಿಗೆ ಬಿಡುತ್ತಾರೆ. ಹೆಣ್ಣುಗಳು ಗರ್ಭ ಕಟ್ಟಿದರೆ ಸಾಕು. ಅಪ್ಪ ಯಾರೆಂಬುದು ಅಲ್ಲಿ ಯಾರೂ ಕೇಳದ ಪ್ರಶ್ನೆ.

ಅರೆಕೀಪಾದ ಜವಳಿ ಸಮೂಹ ‘ಗ್ರೂಪೊ ಇಂಕಾ’ ಈ ಶತಮಾನದ ಆರಂಭದಲ್ಲಿ ಪೂನೊ ಪ್ರಾಂತ್ಯದ ಎತ್ತರದ ಬಯಲಿನಲ್ಲಿ ಪಾಕೊಮಾರ್ಕಾ ಎಂಬ ಪ್ರಾಯೋಗಿಕ ಕ್ಷೇತ್ರ ತೆರೆಯಿತು. ಸಮುದ್ರಮಟ್ಟದಿಂದ 4,000 ಮೀಟರಿಗೂ ಮೇಲೆ. ಗಾಳಿ ತೆಳು, ರಾತ್ರಿ ಹಿಮ. ಇಲ್ಲಿ ಪ್ರತಿ ಪ್ರಾಣಿಗೂ ಕಿವಿಯೋಲೆ. ಒಂದು ಹೆಣ್ಣಿಗೆ ಒಂದು ಗಂಡು. ಕೂಡಿಸುವುದು ಸಣ್ಣ ಕಟ್ಟೆಯೊಳಗೆ, ದಾಖಲೆ ಬರೆದುಕೊಂಡೇ. ಮರಿ ಹುಟ್ಟಿದ ದಿನ, ತೂಕ, ತಾಯಿ, ತಂದೆ ಎಲ್ಲವೂ ಕಂಪ್ಯೂಟರಿಗೆ. ಪಕ್ಕೆಯಿಂದ ತೆಗೆದ ಉಣ್ಣೆಯ ಮಾದರಿ ಪ್ರಯೋಗಾಲಯಕ್ಕೆ. ಅಲ್ಲಿನ ಯಂತ್ರ ಎಳೆಗಳ ಸರಾಸರಿ ದಪ್ಪ, ಏರುಪೇರು, 30 ಮೈಕ್ರಾನ್ ಮೀರದ ಎಳೆಗಳ ಪ್ರಮಾಣ ಎಲ್ಲವನ್ನೂ ಹೇಳುತ್ತದೆ.

ಆ ದಾಖಲೆಗಳನ್ನು ಹಿಡಿದು ಮ್ಯಾಡ್ರಿಡ್‌ನ ಕಂಪ್ಲುಟೆನ್ಸೆ ವಿಶ್ವವಿದ್ಯಾಲಯದ ಹ್ವಾನ್ ಪಾಬ್ಲೊ ಗುಟಿಯೆರೆಸ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. 2009ರಲ್ಲಿ ಪ್ರಕಟವಾದ ಅವರ ಅಧ್ಯಯನದ ಮುಖ್ಯ ಉತ್ತರ: ವಕಾಯ ಹಿಂಡಿನಲ್ಲಿ ಎಳೆಯ ದಪ್ಪದ ವ್ಯತ್ಯಾಸಕ್ಕೆ ಸುಮಾರು ಶೇ 40ರಷ್ಟು ಕಾರಣ ವಂಶ.

ಇದರ ಬೆಲೆ ಏನೆಂದು ಒಂದು ಉದಾಹರಣೆಯಲ್ಲಿ ನೋಡಿ. ಹಿಂಡಿನ ಸರಾಸರಿ 24 ಮೈಕ್ರಾನ್ ಎಂದುಕೊಳ್ಳೋಣ. ಸರಾಸರಿ 20 ಮೈಕ್ರಾನಿನ ಗಂಡು–ಹೆಣ್ಣುಗಳನ್ನು ಮಾತ್ರ ಆರಿಸಿ ಕೂಡಿಸಿದಿರಿ. ಅಂತರ 4 ಮೈಕ್ರಾನ್. ಅದರ ಶೇ 40, ಅಂದರೆ 1.6 ಮೈಕ್ರಾನ್ ಮರಿಗಳಿಗೆ ದಾಟುವ ನಿರೀಕ್ಷೆ. ಮರಿಗಳ ಸರಾಸರಿ 22.4. ಒಂದೇ ತಲೆಮಾರಿನಲ್ಲಿ ಹಿಂಡು ‘ಬೇಬಿ’ ದರ್ಜೆಯ ಗೆರೆ ದಾಟಿತು.

ಉಣ್ಣೆಯೊಂದೇ ಸಾಲದು ಎಂಬುದೂ ಪಾಕೊಮಾರ್ಕಾ ಕಲಿಸಿದ ಪಾಠ. ನಯವಾದ ಉಣ್ಣೆಯ ಹೆಣ್ಣು ಮೂರು ವರ್ಷಕ್ಕೊಮ್ಮೆ ಈದರೆ ಸಾಕುವವನಿಗೆ ಏನು ಲಾಭ? ಅದಕ್ಕೇ ಮೊದಲ ಸಲ ಈಯುವ ವಯಸ್ಸು, ಎರಡು ಮರಿಗಳ ನಡುವಿನ ಅಂತರ ಕೂಡ ಅಲ್ಲಿನ ಲೆಕ್ಕಕ್ಕೆ ಸೇರಿದವು.

ಗುಳ್ಳೆ ಒಡೆದ ಮೇಲೆ

ಉತ್ತರ ಅಮೆರಿಕದ ಕಥೆ ಬೇರೆ. ಅಲ್ಲಿಗೆ ಅಲ್ಪಾಕಗಳು ವಾಣಿಜ್ಯಕ್ಕಾಗಿ ಬಂದಿಳಿದದ್ದು 1984ರಲ್ಲಿ. ಮುದ್ದು ಮುಖ, ಕಡಿಮೆ ಜಾಗ, ತೆರಿಗೆ ವಿನಾಯಿತಿಯ ಆಸೆ. ನಿವೃತ್ತರು, ನಗರ ಬಿಟ್ಟು ಬಂದವರು ಮುಗಿಬಿದ್ದರು. 1998ರ ಕೊನೆಗೆ ನೋಂದಣಿ ಸಂಸ್ಥೆ ಹೊರಗಿನ ಪ್ರಾಣಿಗಳಿಗೆ ಬಾಗಿಲು ಮುಚ್ಚಿತು. ಪೂರೈಕೆ ನಿಂತಿತು, ಬೆಲೆ ಹಾರಿತು. ಸಾಮಾನ್ಯ ಹೆಣ್ಣಿಗೇ ಹತ್ತಾರು ಸಾವಿರ ಡಾಲರ್. ಹೆಸರಾಂತ ಬೀಜದ ಗಂಡುಗಳಿಗೆ ಲಕ್ಷಾಂತರ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಅರ್ಥಶಾಸ್ತ್ರಜ್ಞರಾದ ಟೀನಾ ಸೈಟೋನ್ ಮತ್ತು ರಿಚರ್ಡ್ ಸೆಕ್ಸ್‌ಟನ್ 2007ರಲ್ಲೇ ಎಚ್ಚರಿಸಿದರು: ಉಣ್ಣೆಯಿಂದ ಬರುವ ಆದಾಯ ಈ ಬೆಲೆಗೆ ಯಾವ ಆಧಾರವನ್ನೂ ಕೊಡುವುದಿಲ್ಲ, ಇದು ಊದಿದ ಗುಳ್ಳೆ. ಆರ್ಥಿಕ ಕುಸಿತ ಬಂದಾಗ ಗುಳ್ಳೆ ಒಡೆಯಿತು. ರಿಬ್ಬನ್ ಗೆದ್ದ ಪ್ರಾಣಿಯ ಮರಿಯನ್ನು ಇನ್ನೊಬ್ಬ ಸಾಕಣೆದಾರನಿಗೆ ಮಾರುವುದೇ ವ್ಯಾಪಾರವಾಗಿದ್ದ ಕಡೆ, ಕೊಳ್ಳುವವರೇ ಇಲ್ಲವಾದರು.

ಆ ಅವಸರದ ದಿನಗಳಲ್ಲೂ ಒಂದು ಒಳ್ಳೆಯ ಕೆಲಸ ಆಗಿತ್ತು. ನೋಂದಣಿಗೆ ರಕ್ತದ ಮಾದರಿ ಕಡ್ಡಾಯ. ಡಿಎನ್‌ಎ ತಾಳೆ ನೋಡಿ ತಂದೆ–ತಾಯಿ ಯಾರೆಂದು ಖಚಿತಪಡಿಸಿಕೊಂಡೇ ಪ್ರಮಾಣಪತ್ರ. ಆಂಡೀಸ್‌ನಲ್ಲಿ ಇಲ್ಲದಿದ್ದ ವಂಶಾವಳಿ ಇಲ್ಲಿ ತಯಾರಾಗಿ ಕೂತಿತ್ತು. ಅದರ ಮೇಲೆ ಕಟ್ಟಿದ್ದೇ ‘ಇಪಿಡಿ’ ಕಾರ್ಯಕ್ರಮ, ಅಂದರೆ ಮರಿಗಳಲ್ಲಿ ನಿರೀಕ್ಷಿಸಬಹುದಾದ ವ್ಯತ್ಯಾಸದ ಅಂದಾಜು. ಈಗ ಅಮೆರಿಕದ ಅಲ್ಪಾಕ ಒಡೆಯರ ಸಂಘ ಇದನ್ನು ನಡೆಸುತ್ತದೆ. ಎಳೆಯ ಸರಾಸರಿ ದಪ್ಪ, ಅದರ ಏರುಪೇರು, 30 ಮೈಕ್ರಾನ್ ಮೀರಿದ ಎಳೆಗಳ ಪ್ರಮಾಣ, ಎಳೆಯ ಬಳುಕು, ಉದ್ದ, ಉಣ್ಣೆಯ ತೂಕ, ಮರಿಯ ಹುಟ್ಟುತೂಕ ಹೀಗೆ ಪ್ರತಿ ಗುಣಕ್ಕೂ ಒಂದೊಂದು ಅಂಕಿ.

ಬಾಕ್ಸ್ | ಅಂಕಿ ಓದುವುದು ಹೇಗೆ?

* ದಪ್ಪದ ಕಾಲಂನಲ್ಲಿ ಋಣ ಚಿಹ್ನೆ ಇದ್ದರೆ ಒಳ್ಳೆಯದು. ಒಂದು ಗಂಡಿನ ಇಪಿಡಿ –1.5, ಇನ್ನೊಂದರದು 0 ಎಂದರೆ, ಒಂದೇ ಬಗೆಯ ಹೆಣ್ಣುಗಳಿಗೆ ಕೂಡಿಸಿದಾಗ ಮೊದಲನೆಯದರ ಮರಿಗಳು ಸರಾಸರಿ 1.5 ಮೈಕ್ರಾನ್ ನಯವಾಗಿರುವ ನಿರೀಕ್ಷೆ.
* ಉಣ್ಣೆಯ ತೂಕದ ಕಾಲಂನಲ್ಲಿ ಧನ ಚಿಹ್ನೆ ಒಳ್ಳೆಯದು.
* ತಳಿಮೌಲ್ಯ ಎಂಬುದು ಪ್ರಾಣಿಯ ಪೂರ್ಣ ಅಂಕಿ, ಇಪಿಡಿ ಅದರ ಅರ್ಧ. ಮರಿಗೆ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ತಾನೆ?
* ಪಕ್ಕದಲ್ಲಿರುವ ‘ನಿಖರತೆ’ಯನ್ನು ಮರೆಯಬೇಡಿ. ಅದು 0ಯಿಂದ 1ರ ನಡುವಿನ ಅಂಕಿ. ಅಳತೆಯಾದ ಮರಿಗಳು ಹೆಚ್ಚಿದಷ್ಟೂ 1ರ ಹತ್ತಿರ.

ನಿಧಾನವೇ ಇದರ ಸ್ವಭಾವ

ಹಸುಗಳಲ್ಲಿ ಒಂದು ಒಳ್ಳೆಯ ಹೋರಿಯ ವೀರ್ಯದ ಕಡ್ಡಿಗಳನ್ನು ಹೆಪ್ಪುಗಟ್ಟಿಸಿ ಊರೂರಿಗೆ ಕಳಿಸಬಹುದು. ಅಲ್ಪಾಕದಲ್ಲಿ ಅದು ಸುಲಭವಿಲ್ಲ. ಗಂಡಿನ ವೀರ್ಯ ತೀರ ಅಂಟಂಟು, ಪ್ರಮಾಣವೂ ಕಡಿಮೆ. ಹೆಣ್ಣಿಗೆ ಬೆದೆಯ ನಿಯತ ಚಕ್ರವಿಲ್ಲ. ಕೂಡಿದ ಮೇಲೆಯೇ ಅಂಡ ಬಿಡುಗಡೆ. ಆ ಬಿಡುಗಡೆಗೆ ಸೂಚನೆ ಕೊಡುವುದು ವೀರ್ಯದಲ್ಲಿರುವ ಒಂದು ಪ್ರೋಟೀನ್. ನರಗಳ ಬೆಳವಣಿಗೆಗೆ ಬೇಕಾದ ಪ್ರೋಟೀನೇ ಅದು ಎಂದು ವಿಜ್ಞಾನಿಗಳು 2012ರಲ್ಲಿ ತೋರಿಸಿಕೊಟ್ಟರು.

ಗರ್ಭಕ್ಕೆ ಸುಮಾರು ಒಂದು ವರ್ಷ, ಫಲ ಒಂದೇ ಮರಿ. ಆ ಮರಿ ಬೆಳೆದು, ಅದರ ಉಣ್ಣೆ ಅಳೆದು, ಅದು ಮತ್ತೆ ಮರಿ ಹಾಕಿ, ಆ ಮರಿಯನ್ನೂ ಅಳೆಯುವ ಹೊತ್ತಿಗೆ ವರ್ಷಗಳು ಉರುಳಿರುತ್ತವೆ. ಹೀಗಾಗಿ ತಪ್ಪು ಗಂಡನ್ನು ಆರಿಸಿದರೆ ತಿದ್ದಿಕೊಳ್ಳಲು ಅರ್ಧ ದಶಕವೇ ಬೇಕು. ಉತ್ತಮ ಹೆಣ್ಣಿನ ಭ್ರೂಣವನ್ನು ಬೇರೆ ಹೆಣ್ಣಿನ ಗರ್ಭದಲ್ಲಿಟ್ಟು ಬೆಳೆಸುವ ವಿಧಾನ ಈ ನಿಧಾನಕ್ಕೆ ಒಂದು ಪರಿಹಾರ. ಬಾಡಿಗೆ ತಾಯಿ ಲಾಮಾ ಆದರೂ ನಡೆಯುತ್ತದೆ.

ಇನ್ನೊಂದು ಪರಿಹಾರ ಡಿಎನ್‌ಎ ಚಿಪ್. ಒಂದೇ ಅಪ್ಪ–ಅಮ್ಮನಿಗೆ ಹುಟ್ಟಿದ ಎರಡು ಮರಿಗಳ ತಳಿಮೌಲ್ಯ, ಉಣ್ಣೆ ಅಳೆಯುವವರೆಗೆ ಕಾಗದದ ಮೇಲೆ ಒಂದೇ. ಯಾವ ಮರಿಗೆ ಯಾವ ಗುಣ ದಾಟಿದೆ ಎಂದು ವಂಶಾವಳಿ ಹೇಳಲಾರದು. 2021ರ ಹೊತ್ತಿಗೆ ಅಲ್ಪಾಕಕ್ಕೆಂದೇ 76 ಸಾವಿರ ಗುರುತುಗಳನ್ನು ಓದುವ ಚಿಪ್ ಸಿದ್ಧವಾಯಿತು. ಪಾಕೊಮಾರ್ಕಾದ ಹಿಂಡಿನ ಮೇಲೆ ಪ್ರಯೋಗವೂ ನಡೆಯಿತು. ಅಂದಾಜಿನ ನಿಖರತೆ ಏರಿದೆ. ಏರಿಕೆ ಸದ್ಯಕ್ಕೆ ಸಣ್ಣದು. ಚಿಪ್ ಓದಿಸಿದ ಪ್ರಾಣಿಗಳ ಸಂಖ್ಯೆ ಹೆಚ್ಚಿದಂತೆ ಅದರ ನಿಜವಾದ ಬಲ ಗೊತ್ತಾಗಬೇಕು.

ಬಾಕ್ಸ್ | ಕದ್ದೊಯ್ದರೂ ದಕ್ಕಲಿಲ್ಲ

ಯಾರ್ಕ್‌ಷೈರಿನ ಗಿರಣಿ ಮಾಲೀಕ ಟೈಟಸ್ ಸಾಲ್ಟ್ 1836ರಲ್ಲಿ ಲಿವರ್‌ಪೂಲ್ ಬಂದರಿನಲ್ಲಿ ಯಾರಿಗೂ ಬೇಡವಾಗಿದ್ದ ಅಲ್ಪಾಕದ ಮೂಟೆಗಳನ್ನು ಕೊಂಡು ಸಂಪತ್ತು ಗಳಿಸಿದ. ಆತ ಕಟ್ಟಿಸಿದ ಸಾಲ್ಟೇರ್ ಇಂದು ಯುನೆಸ್ಕೊ ಪಾರಂಪರಿಕ ತಾಣ. ಆ ಲಾಭದ ವಾಸನೆ ಹಿಡಿದ ಚಾರ್ಲ್ಸ್ ಲೆಜರ್ ಎಂಬಾತ, ರಫ್ತಿಗೆ ನಿಷೇಧವಿದ್ದರೂ ಹಿಂಡೊಂದನ್ನು ಬೆಟ್ಟ ದಾಟಿಸಿ 1858ರಲ್ಲಿ ಸಿಡ್ನಿಗೆ ತಲುಪಿಸಿದ. ಇಳಿದದ್ದು 256 ಪ್ರಾಣಿಗಳು. ಅಲ್ಪಾಕ, ಲಾಮಾ, ಮಿಶ್ರತಳಿ ಎಲ್ಲ ಕಲಸುಮೇಲೋಗರ. ಕೆಲವೇ ವರ್ಷಗಳಲ್ಲಿ ಪ್ರಯೋಗ ನೆಲಕಚ್ಚಿತು. ಮುಂದೆ ಇದೇ ಲೆಜರ್ ಕಳಿಸಿದ ಸಿಂಕೋನಾ ಬೀಜಗಳಿಂದ ಡಚ್ಚರು ಜಾವಾದಲ್ಲಿ ಕ್ವಿನೈನ್ ತೋಟಗಳನ್ನು ಬೆಳೆಸಿದರು.

ಬಿಳಿಯ ಮೋಹ

ಲೆಕ್ಕಕ್ಕೆ ಒಂದು ದೋಷವಿದೆ. ಏನನ್ನು ಕೇಳುತ್ತೀರೋ ಅದನ್ನಷ್ಟೇ ಅದು ಕೊಡುತ್ತದೆ.

ಗಿರಣಿಗಳಿಗೆ ಬೇಕಾದದ್ದು ಬಿಳಿ. ಯಾವ ಬಣ್ಣವನ್ನಾದರೂ ಏರಿಸಬಹುದಲ್ಲ! ಅದಕ್ಕೇ ದಶಕಗಳಿಂದ ಬಿಳಿ ಗಂಡುಗಳಿಗೇ ಮಣೆ. ಕಪ್ಪು, ಬೂದು, ಕಂದಿನ ಹತ್ತಾರು ಛಾಯೆಗಳು ಹಿಂಡುಗಳಿಂದ ಮರೆಯಾಗುತ್ತ ಬಂದವು. ಪೆರುವಿನ ರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಪೂನೊದ ಕಿಮ್ಸಾಚಾಟಾ ಕೇಂದ್ರದಲ್ಲಿ ಬಣ್ಣದ ಅಲ್ಪಾಕಗಳನ್ನೇ ಬೇರೆಯಾಗಿ ಸಾಕಿ ಉಳಿಸಿಕೊಂಡಿದೆ. ನಾಳೆ ಬಣ್ಣ ಹಾಕದ ಸಹಜ ಉಣ್ಣೆಗೆ ಬೇಡಿಕೆ ಕುದುರಿದರೆ ಬೀಜಕ್ಕೆ ಅಲ್ಲಿಗೇ ಓಡಬೇಕು.

ಎಲ್ಲರೂ ಪಟ್ಟಿಯ ತುದಿಯಲ್ಲಿರುವ ಅವೇ ನಾಲ್ಕು ಗಂಡುಗಳ ಹಿಂದೆ ಬಿದ್ದರೆ ಇನ್ನೊಂದು ಅಪಾಯ. ರಕ್ತಸಂಬಂಧದೊಳಗೇ ಕೂಡಿಕೆ ಹೆಚ್ಚುತ್ತದೆ, ಹುಟ್ಟುದೋಷಗಳು ತಲೆಯೆತ್ತುತ್ತವೆ. ಮೂಗಿನ ದಾರಿ ಮುಚ್ಚಿಕೊಂಡು ಉಸಿರಾಡಲು ಒದ್ದಾಡುವ ಮರಿ, ಸೊಟ್ಟ ಮೂತಿಯ ಮರಿ ಸಾಕಣೆದಾರರಿಗೆ ಹೊಸದಲ್ಲ. ನೀಲಿ ಕಣ್ಣಿನ ಅಚ್ಚಬಿಳಿ ಅಲ್ಪಾಕಗಳಲ್ಲಿ ಅನೇಕವು ಕಿವುಡು. ಒಳ್ಳೆಯ ಕಾರ್ಯಕ್ರಮ ಗಂಡನ್ನು ಆರಿಸುವಾಗ ಅದರ ಅಂಕಿಯ ಜೊತೆಗೆ ಹೆಣ್ಣಿಗೂ ಅದಕ್ಕೂ ಇರುವ ನಂಟನ್ನೂ ನೋಡುತ್ತದೆ.

ತಕ್ಕಡಿ ಯಾರ ಕೈಯಲ್ಲಿ?

ಪೆರುವಿನ ಹೆಚ್ಚಿನ ಅಲ್ಪಾಕಗಳು ಇರುವುದು ಸಣ್ಣ ಹಿಂಡುಗಳಲ್ಲಿ, ಬಡ ಸಂಸಾರಗಳ ಬಳಿ. ಅವರಲ್ಲಿ ಪ್ರಯೋಗಾಲಯವಿಲ್ಲ, ಬೇಲಿಯೂ ಇಲ್ಲ. ಅವರಿಗೆ ಹೊಂದುವ ದಾರಿ ಒಂದಿದೆ. ಒಂದು ಕೇಂದ್ರ ಹಿಂಡಿನಲ್ಲಿ ಅಳತೆ, ದಾಖಲೆ, ಲೆಕ್ಕ ಎಲ್ಲ ನಡೆಯಲಿ; ಅಲ್ಲಿ ಗೆದ್ದ ಗಂಡುಗಳು ಹಳ್ಳಿಗಳಿಗೆ ಹೋಗಲಿ; ಹಳ್ಳಿಯ ಅತ್ಯುತ್ತಮ ಹೆಣ್ಣುಗಳು ಕೇಂದ್ರಕ್ಕೆ ಬರಲಿ. ಎರಡೂ ಕಡೆಗೆ ಬಾಗಿಲು ತೆರೆದಿರುವ ಈ ಪದ್ಧತಿ ಕುರಿ ಸಾಕುವ ಅನೇಕ ದೇಶಗಳಲ್ಲಿ ಫಲ ಕೊಟ್ಟಿದೆ.

ಆದರೂ ಹಳ್ಳಿಯವನು ನಯವಾದ ಉಣ್ಣೆಯ ಗಂಡನ್ನು ಯಾಕೆ ಒಯ್ಯಬೇಕು? ಮಧ್ಯವರ್ತಿ ಬಾಗಿಲಿಗೆ ಬಂದು ಮೂಟೆ ತೂಗಿ ಹಣ ಎಣಿಸುತ್ತಾನೆ. ಹೆಚ್ಚಿನ ಕಡೆ ಅವನು ನೋಡುವುದು ತೂಕ, ಬಣ್ಣ. ಮೈಕ್ರಾನ್ ಅಳೆಯುವುದಿಲ್ಲ. ದಪ್ಪ ಎಳೆಯ ಉಣ್ಣೆ ಹೆಚ್ಚು ತೂಗುತ್ತದೆ. ತೂಕಕ್ಕೆ ಬೆಲೆ ಸಿಗುವ ಕಡೆ ಜನ ತೂಕ ಕೊಡುವ ಪ್ರಾಣಿಯನ್ನೇ ಉಳಿಸಿಕೊಳ್ಳುತ್ತಾರೆ. ಅದು ಅವರ ಅಜ್ಞಾನವಲ್ಲ, ಜಾಣತನ. ಹಿಂಡುಗಳು ವರ್ಷದಿಂದ ವರ್ಷಕ್ಕೆ ಒರಟಾದದ್ದರ ಹಿಂದೆ ವಂಶವಾಹಿಯಷ್ಟೇ ಈ ತಕ್ಕಡಿಯ ಪಾತ್ರವೂ ಇದೆ.

ಅಲ್ಲಲ್ಲಿ ಸಹಕಾರಿ ಸಂಗ್ರಹ ಕೇಂದ್ರಗಳು ಉಣ್ಣೆಯನ್ನು ಹಳ್ಳಿಯಲ್ಲೇ ದರ್ಜೆವಾರು ವಿಂಗಡಿಸಿ, ದರ್ಜೆಗೆ ತಕ್ಕ ಬೆಲೆಗೆ ಮಾರುತ್ತಿವೆ. ತಳಿ ಸುಧಾರಣೆಗೆ ಇದಕ್ಕಿಂತ ದೊಡ್ಡ ಒತ್ತಾಸೆ ಇನ್ನೊಂದಿಲ್ಲ. ನಯಕ್ಕೆ ಎರಡು ಕಾಸು ಹೆಚ್ಚು ಸಿಕ್ಕ ಸಾಕಣೆದಾರ, ಮರುವರ್ಷ ಯಾರೂ ಹೇಳದೆಯೇ ನಯವಾದ ಉಣ್ಣೆಯ ಗಂಡನ್ನು ಕೇಳಿಕೊಂಡು ಬರುತ್ತಾನೆ.

ಅಲ್ಪಾಕದ ಆನುವಂಶಿಕ ಮೌಲ್ಯಮಾಪನ ತನ್ನ ಗಣಿತವನ್ನು ಸಾಬೀತುಪಡಿಸಿಯಾಗಿದೆ. ಅಳೆಯುವ ಯಂತ್ರವಿದೆ, ಚಿಪ್ ಇದೆ, ಎರಡು ದಶಕಗಳ ದಾಖಲೆಯಿದೆ. ಇನ್ನು ಉಳಿದಿರುವುದು ಖರೀದಿಯ ಸುಧಾರಣೆ. ಬೀಜದ ಗಂಡಿನ ಎಳೆಯನ್ನು ಅಳೆಯುವಷ್ಟೇ ಶ್ರದ್ಧೆಯಿಂದ ಬಡ ಸಾಕಣೆದಾರನ ಮೂಟೆಯ ಎಳೆಯನ್ನೂ ಅಳೆದು ಹಣ ಕೊಡದಿದ್ದರೆ, ಎಷ್ಟು ಒಳ್ಳೆಯ ತಳಿಮೌಲ್ಯವಾದರೂ ಕಡತದಲ್ಲೇ ಉಳಿಯುತ್ತದೆ.